ದನಕ್ಕೆ ಹಾಕಿದ ರೊಟ್ಟಿ

ನೆರೆಯಲ್ಲಿ ಹಸಿದವರಿಗೆ ಮುಟ್ಟಿಸು ಎಂದು ನನ್ನ ಕೈಗೆ ಕೊಟ್ಟ ರೊಟ್ಟಿಗಳನ್ನು ನಾನು ದನಕ್ಕೆ ಹಾಕಿಸಿದೆ. ಎಲ್ಲರ ಮನೆಯವನ್ನಲ್ಲ, ನಮ್ಮ ಊರಿನ ದಲಿತ ಕೇರಿಯವರು ಕೊಟ್ಟವನ್ನು ಮಾತ್ರ. ಹಾಕಿಸಿ ಬಂದು, ಜನ ಹೊಗಳಿ ತಿಂದರು ಎಂದು ಕೊಟ್ಟವರ ಮುಂದೆಯೇ ಹೇಳಿದೆ. ಆಮೇಲೆ ಅದೇ ಕೆಲಸಕ್ಕೆ ಊರಿನವರಿಂದ ಶಾಲು ಹೊದಿಸಿಕೊಂಡೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದುವುದು ಬಿಡುವುದು ನಿಮಗೆ ಬಿಟ್ಟದ್ದು.

ನಾನು ಶೇಖಪ್ಪ. ಅಣ್ಣಿಗೇರಿ ಕಡೆಯವನು. ಆರನೆಯ ಇಯತ್ತೆಗೆ ಶಾಲೆ ಬಿಟ್ಟು ಬೇರೆಯವರ ಟ್ರ್ಯಾಕ್ಟರ್ ಹೊಡೆದೆ, ಆಮೇಲೆ ನನ್ನದೇ ಒಂದನ್ನು ಮಾಡಿಕೊಂಡೆ. ಈ ಭಾಗದಲ್ಲಿ ನನ್ನಷ್ಟು ದುಡಿದವರು ಇದ್ದಾರು, ನನಗಿಂತ ಹೆಚ್ಚು ದುಡಿದವರಿಲ್ಲ. ಇದನ್ನು ಜಂಬವೆಂದರೆ ಜಂಬ. ಬರೆಯುವುದು ನನ್ನ ಕಸುಬಲ್ಲ. ಆದರೆ ಹಿಡಿದ ಕೆಲಸವನ್ನು ಅರ್ಧಕ್ಕೆ ಬಿಟ್ಟು ಗೊತ್ತಿಲ್ಲ. ಇದನ್ನೂ ಬಿಡುವುದಿಲ್ಲ.

ಬೆಣ್ಣಿಹಳ್ಳದ ಗುಣ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಬೇಸಿಗೆಯಲ್ಲಿ ಅಂಗಾಲು ತೊಯ್ಯುವಷ್ಟೂ ನೀರಿರುವುದಿಲ್ಲ. ಮೇಲೆ ಕುಂದಗೋಳದ ಕಡೆ ಜೋರು ಮಳೆಯಾದರೆ ಸಾಕು, ಕೆಳಗೆ ನವಲಗುಂದದ ಹಳ್ಳಿಗಳಲ್ಲಿ ಬಿಸಿಲು ಬಿದ್ದಿರುವಾಗಲೇ ನೀರು ಬಂದು ಹೊಸ್ತಿಲು ಹತ್ತುತ್ತದೆ. ಆ ವರ್ಷವೂ ಹಾಗೆಯೇ ಬಂತು. ಹೆಸರುಕಾಯಿ ಬಿಡಿಸುವ ಹೊತ್ತು, ನಾಗರ ಪಂಚಮಿಗೆ ಎರಡೇ ದಿನ ಉಳಿದಿತ್ತು. ಯಮನೂರಿನ ಆಚೆಯ ಒಂದು ಊರಂತೂ ಪೂರ್ತಿ ಶಾಲೆಯ ದಿಬ್ಬದ ಮೇಲೆ ಬಂದು ಕೂತಿದೆ ಎಂದು ಸುದ್ದಿ ಬಂತು. ಅಕ್ಕಿ ಹೋಗಿದೆ, ಆದರೆ ಬೇಯಿಸಲು ಒಣ ಕಟ್ಟಿಗೆ ಇಲ್ಲ. ಬ್ರೆಡ್ಡು, ನೀರಿನ ಬಾಟಲಿ ತಂದ ಲಾರಿ ಎರೆ ಮಣ್ಣಿನಲ್ಲಿ ಅಚ್ಚಿನ ತನಕ ಹುಗಿದು ನಿಂತಿದೆ.

ಪಂಚಮಿಯ ಹಿಂದಿನ ದಿನ ನಮ್ಮಲ್ಲಿ ರೊಟ್ಟಿ ಹಬ್ಬ. ನಾಲ್ಕು ದಿನ ಮೊದಲೇ ಹೆಂಗಸರು ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಜೋಳದ ಗರಿಗರಿ ಕಟಕ ರೊಟ್ಟಿ ಬಡಿದು ಬುಟ್ಟಿ ತುಂಬಿ ಇಡುತ್ತಾರೆ. ಹಬ್ಬದ ದಿನ ಮನೆಯಿಂದ ಮನೆಗೆ ಬೀರುತ್ತಾರೆ — ನಮ್ಮ ರೊಟ್ಟಿ ಅವರಿಗೆ, ಅವರ ರೊಟ್ಟಿ ನಮಗೆ. ಕೇರಿಗೂ ನಮ್ಮ ಮನೆಗಳಿಂದ ರೊಟ್ಟಿ ಹೋಗುತ್ತವೆ. ಕೇರಿಯಿಂದ ಬರುವುದಿಲ್ಲ. ಯಾಕೆ ಬರುವುದಿಲ್ಲ ಎಂದು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಅದು ಕೇಳುವಂಥ ಮಾತು ಎಂದೇ —

ಇರಲಿ. ಈ ವರ್ಷ ಒಬ್ಬರಿಗೊಬ್ಬರು ಬೀರುವುದು ಬೇಡ, ಎಲ್ಲವನ್ನೂ ಹಳ್ಳದ ಮಂದಿಗೆ ಒಯ್ಯೋಣ ಎಂದವನು ನಾನೇ. ಟ್ರೇಲರ್ ತೊಳೆದೆ, ತಾಡಪತ್ರಿ ಹಾಸಿದೆ, ಟ್ರ್ಯಾಕ್ಟರಿಗೆ ಮೈಕ್ ಕಟ್ಟಿ ಓಣಿ ಓಣಿ ಕೂಗುತ್ತಾ ಹೋದೆ.

"ಮೈಕ್ ಬಂದ್ ಮಾಡೋ ಮಾರಾಯಾ, ನಿನ್ನ ದನಿ ಕೇಳಿ ನಮ್ಮ ಎಮ್ಮಿ ಹಾಲ ಕೊಡವಲ್ದು!" ಎಂದು ಬೈಯುತ್ತಲೇ ಅಗಸಿ ಓಣಿಯ ಗಂಗವ್ವಕಾಕು ಎರಡು ಬುಟ್ಟಿ ಹೊರಗೆ ತಂದಳು. "ನನ್ನವು ಮ್ಯಾಲ ಇಡು. ಒಡದು ಚೂರಾದ್ವು ಅಂದ್ರ ನಿನ್ನ ಹೇಂತಿ ಕಡೆ ಬಡಸ್ತೇನಿ ನೋಡು ಮತ್ತ."

"ರೊಟ್ಟಿ ಬಡಸ್ತೀಯೋ, ನನ್ನ ಬಡಸ್ತೀಯೋ ಕಾಕೂ?"

"ಎರಡೂ!"

ಊರೆಲ್ಲ ನಗುತ್ತಿತ್ತು. ಟ್ರೇಲರ್ ತುಂಬುತ್ತಿತ್ತು. ಅಂಥ ಹೊತ್ತಿನಲ್ಲಿ ಮನುಷ್ಯನಿಗೆ ತಾನು ಬಹಳ ದೊಡ್ಡವನು ಅನ್ನಿಸುತ್ತದೆ. ನನಗೆ ಅನ್ನಿಸಿತು.

ಕೇರಿಗೂ ಹೋದೆ. ಹೋಗು ಎಂದು ಯಾರೂ ಹೇಳಿರಲಿಲ್ಲ, ನಾನಾಗಿಯೇ ಹೋದೆ. ಕಷ್ಟದ ಕಾಲಕ್ಕೆ ಮೇಲು ಕೀಳು ಎಲ್ಲಿಯದು ಎಂದು ಮೈಕಿನಲ್ಲಿ ಹೇಳಿಯೂ ಹೇಳಿದೆ. ಅಲ್ಲಿ ದುರಗವ್ವ ನಿಂತಿದ್ದಳು. ನನ್ನ ತಾಯಿಯ ಓರಗೆಯವಳು, ನಮ್ಮ ಹೊಲಕ್ಕೆ ಎಷ್ಟೋ ವರ್ಷ ಕಳೆ ತೆಗೆಯಲು ಬಂದವಳು. ಗಂಡ ಇಲ್ಲ. ಒಬ್ಬಳೇ ಮಗಳು ಶಾಂತವ್ವ. ಆಕೆಯನ್ನು ಕೊಟ್ಟದ್ದು ಅದೇ, ನೀರು ಹೊಕ್ಕ ಊರಿಗೆ. ಕೇರಿಯ ಅಷ್ಟೂ ಮನೆಯ ರೊಟ್ಟಿಗಳನ್ನು ದುರಗವ್ವ ತನ್ನ ಒಂದು ಹಳೆಯ ಕೆಂಪು ಸೀರೆಯಲ್ಲಿ ಕಟ್ಟಿ ಇಟ್ಟಿದ್ದಳು.

"ಶೇಖಣ್ಣಾರ, ಮ್ಯಾಲಿನ ರೊಟ್ಟಿ ನನ್ನವರಿ. ನಮ್ಮ ಶಾಂತಿ ಪಂಚಮಿಗೆ ಬರಾಕಿ ಇದ್ಲು, ಹಳ್ಳ ಬಿಡಲಿಲ್ಲ. ಅಲ್ಲೆ ಸಿಕ್ಕರ ಅಕಿ ಕೈಯಾಗ ಒಂದ ರೊಟ್ಟಿ ಇಡ್ರಿ ಯಪ್ಪಾ."

"ಒಂದ ಯಾಕ, ಹತ್ತು ಕೊಡ್ತೇನಿ ತಗೋ ದುರಗವ್ವಾ. ನಾ ಅದೇನಿ ಅಲ್ಲ?"

"ನೀವ ಅದೀರಿ ಅಂತನ ಹೇಳೂದರಿ."

ಗಂಟನ್ನು ಎರಡೂ ಕೈ ಚಾಚಿ ತೆಗೆದುಕೊಂಡೆ. ಟ್ರೇಲರಿನ ಕಡೆ ಎರಡು ಹೆಜ್ಜೆ ಇಟ್ಟೆ. ಆಮೇಲೆ — ಯಾರೂ ಬೇಡ ಅನ್ನಲಿಲ್ಲ, ಯಾರೂ ಕಣ್ಣು ಮಾಡಲಿಲ್ಲ, ಅಲ್ಲಿ ನಮ್ಮ ಓಣಿಯವರು ಒಬ್ಬರೂ ಇರಲಿಲ್ಲ — ನನ್ನ ಕಾಲು ತಾನಾಗಿಯೇ ಮುಂದಕ್ಕೆ ತಿರುಗಿತು. ಗಂಟನ್ನು ಸೀಟಿನ ಬಾಜು, ಮಡಗಾರ್ಡಿನ ಮೇಲೆ ಕಟ್ಟಿದೆ. ಉಳಿದ ರೊಟ್ಟಿಗಳ ಜೊತೆ ಕೂಡಿಸಲಿಲ್ಲ. ದುರಗವ್ವ ಅದನ್ನು ತನಗೆ ಕೊಟ್ಟ ಮಾನವೆಂದು ತಿಳಿದಳು. "ಒಡೀಬಾರದಂತ ತಮ್ಮ ಬಾಜೂಕ ಇಟ್ಕೊಂಡ್ರು ನೋಡ್ರೆವಾ" ಎಂದು ಬೇರೆ ಹೆಂಗಸರಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ನಾನು ಗಾಡಿ ಚಾಲೂ ಮಾಡಿದೆ.

ದಾರಿಯುದ್ದಕ್ಕೂ ಅದು ನನ್ನ ತೊಡೆಗೆ ತಾಗುತ್ತಿತ್ತು. ತೆಗೆದು ಹಿಂದೆ ಹಾಕಲು ನನಗೆ ಹತ್ತು ಕಡೆ ಪುರಸತ್ತಿತ್ತು. ಹಾಕಲಿಲ್ಲ. ಲಾರಿ ಸಿಕ್ಕಿಬಿದ್ದ ಕಡೆ ನಾನು ಹೊಲದ ಬದು ಹಿಡಿದು ದಾಟಿಸಿದೆ. ಅಲ್ಲಿ ನಿಂತಿದ್ದವರು ಶಹಬ್ಬಾಸ್ ಎಂದರು.

ಶಾಲೆಯ ದಿಬ್ಬದ ಮೇಲೆ ಕಂಡದ್ದನ್ನು ಹೆಚ್ಚು ಬರೆಯುವುದಿಲ್ಲ. ಜನ ಹಿಂದಿನ ದಿನ ಮುಂಜಾನೆಯಿಂದ ಉಂಡಿರಲಿಲ್ಲ. ಇಪ್ಪತ್ತು ಎಕರೆಯವನು, ಕೂಲಿಯವನು ಒಂದೇ ಕಂಬಳಿಯಲ್ಲಿ ಕೂತಿದ್ದರು. ಬಡಿಸುವ ಜವಾಬ್ದಾರಿಯನ್ನು ಆ ಊರಿನ ಮೌಲಾಸಾಬ ಎಂಬ ಹಿರಿಯ ಹೊತ್ತಿದ್ದ. ಆತನ ಮನೆಯೂ ನೀರಿನಲ್ಲಿ ಹೋಗಿತ್ತು. ಹೆಗಲ ಮೇಲಿನ ಟವೆಲ್ ಬಿಟ್ಟರೆ ಬೇರೇನೂ ಉಳಿದಿರಲಿಲ್ಲ. ಎಲ್ಲ ಮನೆಯವರನ್ನೂ ಒಂದೇ ಸಾಲಿನಲ್ಲಿ ಕೂಡಿಸಿ, ನಮ್ಮ ರೊಟ್ಟಿ, ಶೇಂಗಾ ಚಟ್ನಿ ಹಂಚತೊಡಗಿದ. ಅಲ್ಲಿ ಯಾರೂ ಇದು ಯಾರ ಮನೆಯ ರೊಟ್ಟಿ ಎಂದು ಕೇಳಲಿಲ್ಲ. ಇದನ್ನು ನಾನು ಕಣ್ಣಾರೆ ನೋಡುತ್ತಾ ನಿಂತಿದ್ದೆ — ನೋಡುತ್ತಾ ನಿಂತಿದ್ದೂ —

ಮೌಲಾಸಾಬ ಟ್ರ್ಯಾಕ್ಟರಿನ ಹತ್ತಿರ ಬಂದು ಗಂಟನ್ನು ನೋಡಿದ.

"ಆ ಕೆಂಪು ಗಂಟಿನ್ಯಾಗ ಏನೈತ್ರಿ?"

"ಅದು ದನಕ್ಕ."

ಎರಡೇ ಮಾತು. ಅದಕ್ಕಿಂತ ಮೊದಲು ದನದ ವಿಚಾರ ನನ್ನ ತಲೆಯಲ್ಲಿ ಇರಲೇ ಇಲ್ಲ. ಕೇರಿಯ ರೊಟ್ಟಿ ಎಂದು ನಾನು ಹೇಳಿದ ಮೇಲೆ ಯಾರಾದರೂ ಒಬ್ಬರು ಕೈ ಹಿಂದೆ ತೆಗೆದರೆ ಇಷ್ಟೆಲ್ಲ ಮಾಡಿದ ನನ್ನ ಹೆಸರು ಏನಾಗಬೇಕು ಎಂಬ ಹೆದರಿಕೆ ಒಂದು ಕಡೆ. ಹೇಳದೆ ಕೂಡಿಸಿ, ಆಮೇಲೆ ನಮ್ಮ ಊರಿನವರಿಗೆ ಗೊತ್ತಾದರೆ ಏನು ಎಂಬುದು ಇನ್ನೊಂದು ಕಡೆ. ಬಾಯಿ ಆ ಎರಡರ ನಡುವೆ ತನಗೊಂದು ಹಾದಿ ಹುಡುಕಿಕೊಂಡಿತು.

ಮೌಲಾಸಾಬನ ಕಣ್ಣಲ್ಲಿ ನೀರು ಬಂತು. "ಮಂದಿಗೆ ತಂದವರನ್ನ ನೋಡೇನ್ರಿ. ದನಕ್ಕೂ ರೊಟ್ಟಿ ತಂದವರನ್ನ ಈಗ ನೋಡಿದ್ನಿ. ನಿಮ್ಮ ಹೊಟ್ಟಿ ತಣ್ಣಗಿರಲಿ." ಗಂಟನ್ನು ತಾನೇ ಎತ್ತಿಕೊಂಡು, ಶಾಲೆಯ ಹಿಂದೆ ಬೇವಿನ ಗಿಡಕ್ಕೆ ಕಟ್ಟಿದ್ದ ಎತ್ತು, ಎಮ್ಮೆಗಳ ಮುಂದೆ ಬಿಚ್ಚಿದ. ಅವೂ ಹಸಿದಿದ್ದವು. ನಾನು ಬೇಡ ಅನ್ನಬಹುದಿತ್ತು.

ಇತ್ತ ಸಾಲು ಮುಗಿಯುವ ಮೊದಲು ನಮ್ಮ ರೊಟ್ಟಿ ಮುಗಿಯುತ್ತಾ ಬಂದವು. ಕೊನೆಗೆ ಕೂತವರಿಗೆ ಮೌಲಾಸಾಬ ಅರ್ಧರ್ಧ ಮುರಿದು ಕೊಟ್ಟ. ಕೊನೆಗೆ ಕೂತವರು ಆ ಊರಿನ ಕೇರಿಯವರು. ಅವರ ಮನೆಗಳು ಹಳ್ಳಕ್ಕೆ ಹತ್ತಿರ, ಸಾಮಾನು ಎಳೆದುಕೊಂಡು ದಿಬ್ಬ ಹತ್ತುವುದು ಅವರಿಗೆ ತಡವಾಗಿತ್ತು. ಅವರಲ್ಲಿ ಶಾಂತವ್ವನೂ ಇದ್ದಳು. ಅರ್ಧ ರೊಟ್ಟಿ ಸೆರಗಿನಲ್ಲಿ ಹಿಡಿದುಕೊಂಡು ನನ್ನನ್ನು ನೋಡಿ ಎದ್ದು ಬಂದಳು.

"ನಮ್ಮವ್ವ ಅರಾಮ ಅದಾಳೇನ್ರಿ? ಏನರ ಕೊಟ್ಟಾಳೇನು?"

ಕೇಳುತ್ತಲೇ ಆಕೆಯ ಕಣ್ಣು ಬೇವಿನ ಗಿಡದ ಕಡೆ ಹೋಯಿತು. ಅಲ್ಲಿ ಕೆಂಪು ಸೀರೆ ಹಾಸಿತ್ತು. ತಾಯಿಯ ಸೀರೆ ಮಗಳಿಗೆ ಗೊತ್ತಾಗದೆ ಇರುತ್ತದೆಯೇ? ಹೋಗಿ ಎಮ್ಮೆಯ ಮೂತಿ ಸರಿಸಿದಳು. ಬಾಯಿ ಹಾಕದ ನಾಲ್ಕು ರೊಟ್ಟಿ ಒಂದು ಮೂಲೆಯಲ್ಲಿ ಉಳಿದಿದ್ದವು. ಅವನ್ನು ಸೀರೆಯಲ್ಲಿಯೇ ಸುತ್ತಿಕೊಂಡಳು. ನನ್ನ ಹತ್ತಿರ ಬಂದು, ನನ್ನ ಮುಖ ನೋಡದೆ ಹೇಳಿದಳು:

"ಅವ್ವಗ ಇದನ್ನ ಹೇಳಬ್ಯಾಡ್ರಿ. ಅಕಿ ತಡಕೊಳ್ಳಾಂಗಿಲ್ಲ."

ಆ ಮಾತು ನನಗೆ ಎಷ್ಟು ಅನುಕೂಲವಾಯಿತು ಎಂಬುದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯಬೇಕು. ಆಕೆ ತಾಯಿಗಾಗಿ ಕೇಳಿದ್ದನ್ನು ನಾನು ನನಗಾಗಿ ಇಟ್ಟುಕೊಂಡೆ. ಊರಿಗೆ ಬಂದವನು ನೇರ ಕೇರಿಗೆ ಹೋಗಿ, "ದುರಗವ್ವಾ, ನಿಮ್ಮ ರೊಟ್ಟಿ ಹೊಗಳಿ ಹೊಗಳಿ ತಿಂದ್ರು. ನಿನ್ನ ಮಗಳಿಗೂ ಮುಟ್ಟಿದ್ವು ನೋಡು" ಎಂದೆ. ಮುಟ್ಟಿದ್ದು ಸುಳ್ಳಲ್ಲವಲ್ಲ ಎಂದು ಎಷ್ಟೋ ದಿನ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅಂಥ ಸಮಾಧಾನಕ್ಕೆ ಬೆಂಕಿ ಹಾಕಬೇಕು.

ದನಕ್ಕೂ ರೊಟ್ಟಿ ಒಯ್ದ ಸುದ್ದಿ ಮೌಲಾಸಾಬನ ಬಾಯಿಂದ ನನಗಿಂತ ಮೊದಲೇ ಊರು ಮುಟ್ಟಿತ್ತು. ಮುಂದಿನ ತಿಂಗಳು ಪಂಚಾಯಿತಿ ಕಟ್ಟೆಯ ಮೇಲೆ ನನಗೆ ಶಾಲು ಹೊದಿಸಿದರು. ಮನುಷ್ಯರಿಗಷ್ಟೇ ಅಲ್ಲ, ಮೂಕ ಪ್ರಾಣಿಗೂ ಮರುಗಿದವನು ಎಂದು ಭಾಷಣ ಮಾಡಿದರು. ದನಕ್ಕೆ ಹಾಕಿದವು ಯಾರ ಮನೆಯ ರೊಟ್ಟಿ ಎಂದು ಯಾರೂ ಕೇಳಲಿಲ್ಲ. ದುರಗವ್ವ ಎದುರಿಗೇ, ಕಟ್ಟೆಯ ಕೆಳಗೆ ಕೂತಿದ್ದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಆಕೆ. ಆ ಚಪ್ಪಾಳೆಯ ಎದುರು ನಾನು ಕೈ ಮುಗಿದು ನಕ್ಕೆ. ನಗುವುದು ಸಾಧ್ಯವಾಯಿತು. ಅದೇ ಇವತ್ತಿಗೂ —

ಆಮೇಲಿನ ವರ್ಷಗಳಲ್ಲಿ ಹಳ್ಳ ಸುಮ್ಮನಿತ್ತು, ನಾನೂ ಸುಮ್ಮನಿದ್ದೆ. ಚೆನ್ನಾಗಿಯೇ ದುಡಿದೆ, ಚೆನ್ನಾಗಿಯೇ ನಿದ್ದೆ ಮಾಡಿದೆ. ಪಶ್ಚಾತ್ತಾಪದಿಂದ ಸೊರಗಿದೆ ಎಂದು ಬರೆದರೆ ಅದು ಇನ್ನೊಂದು ಸುಳ್ಳಾದೀತು.

ಈ ವರ್ಷ ಹಳ್ಳ ಮತ್ತೆ ಏರಿತು. ಮೈಕ್ ಕಟ್ಟುವ ಮೊದಲೇ ಸಂತೆಯಲ್ಲಿ ದುರಗವ್ವ ಎದುರು ಬಂದಳು. ಬೆನ್ನು ಬಾಗಿದೆ, ಕಣ್ಣು ಮಂಜು. "ಹಿಟ್ಟು ಬೀಸಿಸಿ ಇಟ್ಟೇನ್ರಿ ಶೇಖಣ್ಣಾರ. ಯಾವತ್ತ ಹೊಂಟೀರಿ? ಹೋದ ಸಲದಂಗ ಬಾಜೂಕ ಇಟ್ಕೊಳ್ರಿ ಮತ್ತ" ಎಂದಳು.

ಆ ಹಿಟ್ಟನ್ನು ಆಕೆ ಕೂಲಿಯ ಜೋಳದಿಂದ ಬೀಸಿಸಿದ್ದು. ಮತ್ತೆ ಬಡಿಯುತ್ತಾಳೆ, ಮತ್ತೆ ಕಟ್ಟುತ್ತಾಳೆ, ಮತ್ತೆ ನನ್ನ ಕೈಗೆ ಕೊಡುತ್ತಾಳೆ — ನನ್ನನ್ನು ನಂಬಿ. ಈ ಸಲ ಹಿಂದೆ ಟ್ರೇಲರಿನಲ್ಲಿ ಎಲ್ಲವುಗಳ ಜೊತೆ ಕೂಡಿಸಿ ಒಯ್ದರೆ ಮುಗಿಯಿತು ಎಂದು ಒಂದು ಮನಸ್ಸು ಹೇಳಿತು. ಮುಗಿಯುತ್ತಿರಲಿಲ್ಲ. ನಡೆದದ್ದು ಗೊತ್ತಿಲ್ಲದವಳ ಕೈಯಿಂದ ತೆಗೆದುಕೊಳ್ಳುವುದು ಎರಡನೆಯ ಕಳ್ಳತನವಾಗುತ್ತಿತ್ತು.

ಮರುದಿನ ಮುಂಜಾನೆ ನಡೆದುಕೊಂಡೇ ಕೇರಿಗೆ ಹೋದೆ. ಆಕೆಯ ಮನೆಯಲ್ಲಿ ಬುದ್ಧನ ಫೋಟೋದ ಕೆಳಗೆ ಹಿಟ್ಟಿನ ಡಬ್ಬಿ ಇತ್ತು. ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಒಂದೇ ಮಾತು ಕೇಳಿದಳು.

"ನಮ್ಮ ಶಾಂತಿ ನೋಡಿದ್ಲೇನ್ರಿ?"

ಅಲ್ಲಿ ಒಂದು ಸುಳ್ಳು ಹೇಳಬಹುದಿತ್ತು. ಶಾಂತವ್ವ ಕೇಳಿಕೊಂಡದ್ದೂ ಅದನ್ನೇ.

"ನೋಡಿದ್ಲು ದುರಗವ್ವಾ. ನಿಮಗ ಹೇಳಬ್ಯಾಡ್ರಿ ಅಂದಿದ್ಲು."

"ಹಂಗಾರ ಇಷ್ಟ ವರ್ಷ ಅಕಿ ಒಬ್ಬಾಕಿನ ಇದನ್ನ ಹೊತ್ಕೊಂಡು ತಿರಗ್ಯಾಳ."

ಗೂಡಿನಲ್ಲಿದ್ದ ಮೊಬೈಲ್ ತೆಗೆದು, ಕಣ್ಣಿನ ಹತ್ತಿರ ಹಿಡಿದು ಒತ್ತಿದಳು. ಆ ಕಡೆ ಶಾಂತವ್ವ ಹಲೋ ಅಂದದ್ದು ನನಗೂ ಕೇಳಿಸಿತು. "ಶಾಂತೀ, ಉಂಡೀಯೇನ ಬೇ?" ಎಂದಳು ದುರಗವ್ವ. ಅಷ್ಟು ಹೇಳಿ, ಫೋನನ್ನು ಕಿವಿಗೆ ಒತ್ತಿಕೊಂಡೇ, ಇನ್ನೊಂದು ಕೈಯಿಂದ ನನಗೆ ಬಾಗಿಲು ತೋರಿಸಿದಳು. ಎದ್ದು ಬಂದೆ.

ಕ್ಷಮಿಸು ಎಂದು ನಾನು ಕೇಳಿಲ್ಲ. ಕೇಳಿದರೆ ಕೊಡುವ ಭಾರವನ್ನೂ ಆಕೆಯ ಮೇಲೆಯೇ ಹಾಕಿದಂತೆ.

ಈ ಸಲವೂ ನಾನು ಟ್ರೇಲರ್ ತುಂಬಿ ಹೋಗಿಬಂದೆ. ಕೇರಿಯ ರೊಟ್ಟಿ ನನ್ನ ಗಾಡಿಯಲ್ಲಿ ಬರಲಿಲ್ಲ. ಅವರು ಬಾಡಿಗೆಗೆ ಟಂಟಂ ಗಾಡಿ ಮಾಡಿಕೊಂಡು, ತಾವೇ ಒಯ್ದು, ತಮ್ಮ ಕೈಯಾರೆ ಬಡಿಸಿ ಬಂದರು. ಒಂದೇ ಊರಿನಿಂದ ಎರಡು ಗಾಡಿ ಯಾಕೆ ಹೋದವು ಎಂದು ಊರಿನಲ್ಲಿ ಎಲ್ಲರೂ ಕೇಳುತ್ತಿದ್ದಾರೆ. ಕೇರಿಯವರು ಯಾರಿಗೂ ಹೇಳಿಲ್ಲ. ಹೇಳಬೇಕಾದವನು ನಾನು, ಯಾಕೆಂದು ಇಲ್ಲಿ ಬರೆದಿದ್ದೇನೆ.