ಸಾಹೇಬನಿಗೆ ಕಿವಿ ಕೇಳುತ್ತಿರಲಿಲ್ಲ

ಹೆಗ್ಡೆಯವರ ಬಳಿ ನಾನು ಆ ಮಾತು ಎತ್ತಲೇ ಇಲ್ಲ. ಎತ್ತಿದೆ, ಅವರು ಒಪ್ಪಲಿಲ್ಲ ಎಂದು ಶೀನನಿಗೆ ಹೇಳಿದೆ. ಅದು ಸುಳ್ಳು. ಹೇಳಿ ಏಳೆಂಟು ವರ್ಷವಾಯಿತು. ಅಂದಿನಿಂದ ಅವರಿಬ್ಬರ ನಡುವೆ ಮಾತಿಲ್ಲ — ಇಬ್ಬರೂ ನನ್ನನ್ನು ಮಾತ್ರ ನಂಬಿಕೊಂಡೇ ಬಂದರು.

ಕುಂದಾಪುರದಿಂದ ಮಂಗಳೂರಿನ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುವುದು ನನ್ನ ಕೆಲಸ. ಕಣ್ಣಾರೆ ಕಾಣದ್ದನ್ನು ಬರೆಯುವುದಿಲ್ಲ, ಯಾರ ಪರವನ್ನೂ ವಹಿಸುವುದಿಲ್ಲ ಎಂಬ ಹೆಸರು ನನಗಿದೆ. ಆ ಹೆಸರನ್ನು ಉಳಿಸಿಕೊಳ್ಳಲು ಹೋಗಿಯೇ — ಇರಲಿ, ಕ್ರಮವಾಗಿ ಹೇಳುತ್ತೇನೆ.

ಬ್ರಹ್ಮಾವರದಲ್ಲಿ ಅಕ್ಕಿಗಿರಣಿ ನಡೆಸುವ ಹೆಗ್ಡೆಯವರು ಬೆಂಗಳೂರಿನಿಂದ ಒಂದು ಅಲ್ಸೇಶಿಯನ್ ಮರಿ ತಂದರು. ಮಂಗಳೂರಿನಲ್ಲಿ ನಡೆಯುವ ನಾಯಿಗಳ ಸ್ಪರ್ಧೆಯಲ್ಲಿ ಅದು ಬಹುಮಾನ ಗೆಲ್ಲಬೇಕೆಂಬುದು ಅವರ ಆಸೆ. ಅದನ್ನು ತಯಾರು ಮಾಡುವವನೊಬ್ಬ ಬೇಕಾಗಿದ್ದ. ವರ್ಷವಿಡೀ ಸಂಬಳ, ಗಿರಣಿಯ ಹಿಂದೆ ಇರಲು ಮನೆ. ಕೇಳಿಕೊಂಡು ಬಂದವರು ಇಬ್ಬರು.

ಒಬ್ಬರು ಹವಾಲ್ದಾರರು. ಸೈನ್ಯದಲ್ಲಿ ನಾಯಿಗಳನ್ನು ಪಳಗಿಸುತ್ತಿದ್ದು, ನಿವೃತ್ತಿಯಾಗಿ ಅಮಾಸೆಬೈಲಿಗೆ ಮರಳಿದವರು. ಇನ್ನೊಬ್ಬ ನಾವುಂದದ ಶೀನ, ಮೀನುಗಾರರ ಮನೆಯ ಹುಡುಗ, ನನ್ನ ಗೆಳೆಯ. ಮುಂಬೈಯಲ್ಲಿ ಪಾರ್ಸಿಯೊಬ್ಬರ ಬಂಗಲೆಯ ನಾಯಿಗಳೆಲ್ಲ ಅವನ ಸುಪರ್ದಿಯಲ್ಲಿದ್ದವು. ರಜೆಗೆ ಬಂದವನಿಗೆ ಈ ಕೆಲಸದ ಸುದ್ದಿ ಕೊಟ್ಟವನು ನಾನೇ. ಅದು ಸಿಕ್ಕಿದ್ದರೆ ಅವನು ಮತ್ತೆ ಮುಂಬೈ ಬಸ್ಸು ಹತ್ತಬೇಕಿರಲಿಲ್ಲ. ಹೆಂಡತಿ ಗಿರಿಜೆ ಪೇಟೆಯಲ್ಲಿ ಮೀನು ಮಾರುತ್ತಿದ್ದಳು. ಸಣ್ಣ ಮಗಳಿಗೆ ಅಪ್ಪನ ಗುರುತೇ ಸರಿಯಾಗಿ ಇರಲಿಲ್ಲ.

"ನಾ ಒಳ್ಗ್ ಬಂದ್ರೆ ನೆಂಟ್ರ್ ಬಂದ್ರ್ ಅಂತಳೆ ಮಾರಾಯ್ರೆ" ಎಂದು ಶೀನ ನಗುತ್ತ ಹೇಳಿದ. ನಗು ಅರ್ಧಕ್ಕೇ ನಿಂತಿತು.

ಇಬ್ಬರಲ್ಲಿ ಒಬ್ಬರನ್ನು ಆರಿಸಿಕೊಡಿ ಎಂದು ಹೆಗ್ಡೆಯವರು ನನ್ನನ್ನು ಕೇಳಿದರು. ನಾನು ನಾಯಿ ಸಾಕಿದವನಲ್ಲ. ಆದರೆ ನೋಡುವುದು ಗೊತ್ತಿತ್ತು. ನ್ಯಾಯವಾಗಿ ನಡೆಸುವುದೂ ಗೊತ್ತಿದೆ ಎಂದುಕೊಂಡಿದ್ದೆ. ನಿಯಮಗಳನ್ನು ನಾನೇ ಮಾಡಿದೆ. ಇಬ್ಬರಿಗೂ ಏನೂ ಕಲಿಯದ ಒಂದೊಂದು ಬೀದಿನಾಯಿ ಕೊಡುವುದು, ಒಂದು ತಿಂಗಳ ಮೇಲೆ ಎಲ್ಲರೆದುರು ಪರೀಕ್ಷೆ. ಹೊಡೆದರೆ ಅಲ್ಲಿಗೇ ಮುಗಿಯಿತು. ಆಜ್ಞೆ ಬಾಯಿಮಾತಿನಲ್ಲಿ ಮಾತ್ರ, ಕೈ ಬೆನ್ನ ಹಿಂದೆ — ಕೈಯಾಡಿಸಲು ಬಿಟ್ಟರೆ ಬೆರಳ ಸಂದಿಯಲ್ಲಿ ಒಣಮೀನಿನ ಚೂರು ಇರಬಹುದಲ್ಲ. ಕೊನೆಯ ಪರೀಕ್ಷೆ, ಬೆನ್ನು ಹಾಕಿ ಕುಳಿತ ನಾಯಿಯನ್ನು ದೂರದಿಂದ ಕರೆಯುವುದು. ಈ ನಿಯಮಗಳ ಬಗ್ಗೆ ನನಗೆ ಹೆಮ್ಮೆಯಿತ್ತು.

ಗಿರಣಿಯ ಆಳುಗಳು ಕುಂದಾಪುರದ ಬಸ್ ನಿಲ್ದಾಣದಿಂದ ಎರಡು ನಾಯಿ ಹಿಡಿದು ಗಿರಣಿಯ ಅಂಗಳಕ್ಕೆ ತಂದರು, ಒಂದು ಕಪ್ಪು, ಒಂದು ಕೆಂದು. ಯಾರಿಗೆ ಯಾವುದೆಂದು ನಾಣ್ಯ ಚಿಮ್ಮುವ ಮೊದಲು ಹವಾಲ್ದಾರರು ಮೀಸೆಯಲ್ಲೇ ನಕ್ಕು ಕೇಳಿದರು:

"ಪೇಪರ್ನೋರೂ ಶೀನನೂ ಒಂದೇ ಬಸ್ಸಿನ್ ದೋಸ್ತಿ ಅಲ್ದಾ? ತೀರ್ಪ್ ಈಗ್ಳೇ ಬರ್ದ್ ಆಯ್ತಾ ಹ್ಯಾಂಗೆ?"

ಎಲ್ಲರೂ ನಕ್ಕರು. ಅವರ ಮಾತಿನಲ್ಲಿ ವಿಷವಿರಲಿಲ್ಲ. ಆದರೂ ನನ್ನ ಮುಖ ಬಿಸಿಯಾಯಿತು. ಅಷ್ಟರಲ್ಲಿ ನಾಣ್ಯ ಬಿತ್ತು. ಶೀನನಿಗೆ ಕೆಂದು ನಾಯಿ ಬಂತು.

ಆ ಕೆಂದು ನಾಯಿಯನ್ನು ನಾನು ಬಲ್ಲೆ. ದಿನಾ ಬೆಳಿಗ್ಗೆ ಪತ್ರಿಕೆಯ ಕಟ್ಟಿಗಾಗಿ ನಾನು ಬಸ್ ಕಾಯುವಾಗ ಅದು ಚಹಾದಂಗಡಿಯ ಬೆಂಚಿನ ಕೆಳಗೆ ಮಲಗಿರುತ್ತಿತ್ತು. ಬಸ್ಸು ಹಾರ್ನ್ ಹೊಡೆದರೆ, ಮೇಲಿಂದ ಕಟ್ಟು ಧೊಪ್ಪೆಂದು ಬಿದ್ದರೆ ಉಳಿದ ನಾಯಿಗಳೆಲ್ಲ ಎದ್ದು ಓಡುತ್ತಿದ್ದವು. ಇದು ಕಣ್ಣನ್ನೂ ತೆರೆಯುತ್ತಿರಲಿಲ್ಲ. ಕಿವುಡು ಎಂದು ನನಗೆ ಎಷ್ಟೋ ದಿನದಿಂದ ಗೊತ್ತಿತ್ತು.

ಆಗಲೇ ಹೇಳಬೇಕಿತ್ತು — ಈ ನಾಯಿ ಬೇಡ, ಬೇರೆ ತನ್ನಿ ಎಂದು. ಒಂದೇ ವಾಕ್ಯ. ಆದರೆ ಆ ನಗು ಇನ್ನೂ ಅಂಗಳದಲ್ಲೇ ಇತ್ತು. ಗೆಳೆಯನಿಗಾಗಿ ನಾಯಿ ಬದಲಾಯಿಸಿದ ಎನ್ನುತ್ತಾರೆ ಎಂದು ನಾನು ಸುಮ್ಮನಾದೆ.

ಆ ತಿಂಗಳು ನಾನು ಆಗಾಗ ಇಬ್ಬರಲ್ಲಿಗೂ ಹೋಗಿ ನೋಡುತ್ತಿದ್ದೆ. ಹವಾಲ್ದಾರರ ಕೆಲಸ ಚೊಕ್ಕ. ಒಂದೇ ಸ್ವರ, ಒಂದೇ ಪದ, ಸರಿ ಮಾಡಿದ ಕೂಡಲೇ ಎದೆಯ ಮೇಲೆ ಒಂದು ತಟ್ಟು. ಕರಿನಾಯಿ ಅವರ ಕಾಲಿಗೆ ಅಂಟಿಕೊಂಡಂತೆ ನಡೆಯುತ್ತಿತ್ತು. ಅವರು ಒಮ್ಮೆಯೂ ಕೋಲು ಎತ್ತಿದ್ದನ್ನು ನಾನು ಕಂಡಿಲ್ಲ. ಒಳ್ಳೆಯ ಕೆಲಸಗಾರ, ಒಳ್ಳೆಯ ಮನುಷ್ಯ. ಈ ಕಥೆಯಲ್ಲಿ ಅವರದೇನೂ ತಪ್ಪಿಲ್ಲ.

ಶೀನನದು ಬೇರೆಯೇ ಬಗೆ. ಹಗ್ಗವಿಲ್ಲ, ಗಡಿಬಿಡಿಯಿಲ್ಲ. ನಾಯಿ ತಾನಾಗಿ ಮುಖ ನೋಡುವ ತನಕ ಮರಳಿನಲ್ಲಿ ಕುಕ್ಕುರುಗಾಲಿನಲ್ಲಿ ಕೂತು ಕಾಯುತ್ತಿದ್ದ. ನೋಡಿದ ಕೂಡಲೇ ಕೈಬೀಸು, ಅದು ಮಾಡಿದ ಕೂಡಲೇ ಒಂದು ಚೂರು ಒಣಮೀನು. ನಡುನಡುವೆ ಮುಂಬೈಯ ಸುದ್ದಿಯೆಲ್ಲ ಅದಕ್ಕೆ ಹೇಳುತ್ತಿದ್ದ. ಹೆಸರು ಸಾಹೇಬ ಎಂದಿಟ್ಟಿದ್ದ. ಯಾಕೆ ಎಂದೆ.

"ಯಾರ್ ಎಂತ ಹೇಳ್ರೂ ಕೇಣುದಿಲ್ಲೆ. ಮತ್ ಸಾಹೇಬ ಅಲ್ದೆ ಎಂತ?" ಎಂದು ನಕ್ಕ. ಆಮೇಲೆ ನಗು ಬಿಟ್ಟು ಹೇಳಿದ: "ಹ್ವಾಯ್, ಈ ನಾಯಿಗೆ ಕೆಮಿ ಕೇಣುದಿಲ್ಲೆ. ಶುರುವಿಗೇ ಗೊತ್ತಾಯ್ತ್. ಎದ್ರಿಗ್ ಬಂದ್ ಹೇಳ್ರೆ ಎಲ್ಲ ಮಾಡತ್ತ್. ಕೈಸನ್ನೆ ಮಾಡುಕೆ, ಕಡಿಗೆ ಎದ್ರಿಂದ ಕರೂಕೆ ಬಿಡ್ಕ್ ಅಂದ್ ಹೆಗ್ಡೇರ್ ಹತ್ರ ಒಂದ್ ಮಾತ್ ಹೇಳ್ತ್ರಿಯಾ? ನಾ ಹೋಯಿ ಹೇಳ್ರೆ ನೆವ ಅಂತ್ರ್. ನೀವ್ ಹೇಳ್ರೆ ಕೇಂತ್ರ್."

ಕಿವಿ ಕೇಳದ್ದು ನನಗೆ ಮೊದಲೇ ಗೊತ್ತು ಎಂದು ನಾನು ಹೇಳಲಿಲ್ಲ. ಹೇಳುತ್ತೇನೆ ಎಂದಷ್ಟೇ ಮಾತು ಕೊಟ್ಟೆ.

ಬ್ರಹ್ಮಾವರಕ್ಕೆ ಹೋದದ್ದು ನಿಜ. ಹೆಗ್ಡೆಯವರು ಗಿರಣಿಯ ಜಗಲಿಯಲ್ಲಿ ಕೂರಿಸಿ ಕಾಫಿ ತರಿಸಿದರು. "ನೀವ್ ಇದ್ದದ್ಕೆ ಯಾರೂ ಒಂದ್ ಸೊಲ್ಲ್ ಎತ್ತುಕಿಲ್ಲೆ ಕಾಣಿ. ದೋಸ್ತಿ ಅಂದ್ ಕಾಂಬವ್ರಲ್ಲ ನೀವ್" ಎಂದರು. ಆ ಮಾತು ನನಗೆ ಹಿತವಾಯಿತು. ಹಿತವಾದದ್ದೇ — ಅದನ್ನೇ ನಾನು ಇಷ್ಟು ವರ್ಷ ಒಪ್ಪಿಕೊಳ್ಳಲಾರದೆ ಹೋದದ್ದು. ಕಾಫಿ ಕುಡಿದೆ, ಭತ್ತದ ದರ ಕೇಳಿದೆ, ಎದ್ದು ಬಂದೆ.

ಮಾರನೆಯ ದಿನ ಶೀನ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ. ಅವನ ಮುಖ ನೋಡಿ ನಾನೆಂದೆ:

"ಹೇಳ್ದೆ ಶೀನ. ಅವ್ರ್ ಒಪ್ಲಿಲ್ಲೆ."

ಅವನು ನನ್ನ ತೋಳು ಹಿಡಿದು ಹೇಳಿದ: "ಅಡ್ಡಿಲ್ಲೆ ಬಿಡಿ. ನೀವ್ ನನ್ ಸಲುವಾಯಿ ಒಂದ್ ಮಾತ್ ಹೇಳ್ದ್ರಿಯಲೆ. ಅಷ್ಟ್ ಸಾಕ್."

ಪರೀಕ್ಷೆಯ ದಿನ ಕುಂದಾಪುರದ ಮೈದಾನದಲ್ಲಿ ಜನ ಸೇರಿದ್ದರು. ಕರಿನಾಯಿ ಒಂದೂ ತಪ್ಪಲಿಲ್ಲ. ಶೀನ ಕೈ ಬೆನ್ನ ಹಿಂದೆ ಕಟ್ಟಿ ಸಾಹೇಬನ ಮುಂದೆ ನಿಂತ. "ಬೈಠೋ" ಎಂದ, ಅದು ಕೂತಿತು. ಮಲಗು ಎಂದ, ಮಲಗಿತು. ಅವನ ತುಟಿಯನ್ನೋ ಹುಬ್ಬನ್ನೋ, ಏನನ್ನು ಓದುತ್ತಿತ್ತೋ — ರೆಪ್ಪೆ ಬಡಿಯದೆ ಅವನ ಮುಖವನ್ನೇ ನೋಡುತ್ತಿತ್ತು. ಕಿವುಡು ನಾಯಿಗೆ, ಉಳಿದ ದಿನಗಳಲ್ಲಿ ಕೈಬೀಸನ್ನೂ ಬಿಡಿಸಿ, ಅಷ್ಟನ್ನು ಕಲಿಸಿದ್ದ. ಅಲ್ಲಿದ್ದವರಲ್ಲಿ ಆ ಕೆಲಸದ ಬೆಲೆ ತಿಳಿಯಬಲ್ಲವನು ನಾನೊಬ್ಬನೇ. ಉಳಿದವರಿಗೆ ಅದು ಕಿವುಡೆಂದೇ ಗೊತ್ತಿರಲಿಲ್ಲ. ಹೆಗ್ಡೆಯವರು ಗೊತ್ತಿದ್ದೂ ಒಪ್ಪಲಿಲ್ಲ ಎಂದು ನಂಬಿದ್ದ ಶೀನ ಮತ್ತೆ ಯಾರೆದುರೂ ಅದನ್ನು ಎತ್ತಲಿಲ್ಲ.

ಕೊನೆಯ ಪರೀಕ್ಷೆ ಬಂತು. ಸಾಹೇಬ ಬೆನ್ನು ಹಾಕಿ ಕೂತ. ಶೀನ ದೂರ ಹೋಗಿ ಕರೆದ. ಮತ್ತೆ ಕರೆದ. ನಾಯಿ ಬೇಲಿಯಾಚೆಯ ಆಡನ್ನು ನೋಡುತ್ತ ಹಾಯಾಗಿ ಬಾಲ ಆಡಿಸುತ್ತಿತ್ತು.

"ಹ್ವಾಯ್ ಶೀನ, ಅದ್ಕೆ ಹಿಂದಿ ಮರ್ತ್ ಹೋಯ್ತ್ ಕಾಣ್. ಕೊಂಕ್ಣಿಯಗೆ ಕರಿ ಮಾರಾಯ" ಎಂದು ಯಾರೋ ಕೂಗಿದರು. ಮೈದಾನವೆಲ್ಲ ನಕ್ಕಿತು. ಶೀನ ನನ್ನ ಕಡೆ ಒಮ್ಮೆ ನೋಡಿದ. ದೂರುವಂತೆ ಅಲ್ಲ — ಪಾಪ, ನೀವಾದರೂ ಏನು ಮಾಡುತ್ತೀರಿ ಎಂಬಂತೆ. ಆಮೇಲೆ ನಡೆದುಹೋಗಿ, ಸುತ್ತುಬಳಸಿ ನಾಯಿಯ ಎದುರಿಗೆ ಬಂದು ಕೂತ. ಸಾಹೇಬ ಹಾರಿ ಅವನ ಕೊರಳಿಗೆ ಬಿದ್ದ.

ನಾನು ಹವಾಲ್ದಾರರ ಹೆಸರು ಹೇಳಿದೆ. ಪತ್ರಿಕೆಗೆ ಬರೆದ ಸುದ್ದಿಯಲ್ಲಿ ಒಂದು ಸಾಲು ಹೀಗಿತ್ತು: "ನಾವುಂದದ ಸ್ಪರ್ಧಿಯ ನಾಯಿ ಕೊನೆಯ ಪರೀಕ್ಷೆಯಲ್ಲಿ ಕರೆಗೆ ಓಗೊಡಲಿಲ್ಲ." ಅದರಲ್ಲಿ ಸುಳ್ಳಾದ ಒಂದು ಪದವೂ ಇಲ್ಲ. ನನ್ನ ವೃತ್ತಿಯಲ್ಲಿ ನಾನು ಬರೆದ ಅತಿ ದೊಡ್ಡ ಸುಳ್ಳು ಅದು.

ಶೀನ ಮುಂಬೈಗೆ ಮರಳಿದ. ಬಸ್ಸು ಹತ್ತಿಸಲು ನಾನೂ ಹೋಗಿದ್ದೆ. ಸಾಹೇಬನನ್ನು ಗಿರಿಜೆಯ ಹತ್ತಿರ ಬಿಟ್ಟ. "ಹಿಂದಿಂದ ಮುಟ್ಬೇಡ, ಹೆದ್ರತ್ತ್" ಎಂದು ಮಗಳಿಗೆ ಹೇಳಿಕೊಟ್ಟ. ನೆಂಟರ ಮಾತನ್ನು ಕೇಳುವಂತೆ ಮಗು ತಲೆ ಅಲ್ಲಾಡಿಸಿತು. ಈಗ ಆ ಹುಡುಗಿ ಶಾಲೆಗೆ ಹೋಗುತ್ತಾಳೆ. ಅಪ್ಪ ಅವಳಿಗೆ ಈಗಲೂ ವರ್ಷಕ್ಕೊಂದು ತಿಂಗಳ ಮನುಷ್ಯ. ರಜೆಗೆ ಬಂದಾಗಲೆಲ್ಲ ಅವನು ನನಗೆ ಏನಾದರೂ ತರುತ್ತಾನೆ — ಒಂದು ಸಲ ಮಸಿಪೆನ್ನು, ಇನ್ನೊಂದು ಸಲ ಕೊಡೆ. ಬೇಡವೆಂದರೆ ಕೇಳುವುದಿಲ್ಲ.

ಹೆಗ್ಡೆಯವರ ಕಾರು ಬಂದರೆ ಮಾತ್ರ ಅವನು ರಸ್ತೆಯ ಆಚೆ ಬದಿಗೆ ಹೋಗುತ್ತಾನೆ. ಸ್ವಭಾವತಃ ಯಾರ ಮೇಲೂ ಹಗೆ ಇಡದವನು. ಹೋದ ವರ್ಷ ಹೆಗ್ಡೆಯವರೇ ನನ್ನನ್ನು ಕೇಳಿದರು, "ಶೀನಂಗೆ ನನ್ ಮೇಲ್ ಎಂತ ಸಿಟ್ಟ್ ಮಾರಾಯ್ರೆ? ನಾ ಎಂತ ಮಾಡಿದೆ ಅವಂಗೆ?" ನಾನು ಮಾತು ತಪ್ಪಿಸಲು, ಆ ನಾಯಿ ಕಿವುಡಂತೆ ಎಂದೆ. ಅವರು ಬೆರಗಾದರು.

"ಕಿವ್ಡಾ? ನಂಗೆ ಯಾರ್ ಹೇಳ್ರ್? ಹೇಳಿದ್ರೆ ಬೇರೆ ನಾಯಿ ಕೊಡ್ತಿದ್ದೆ, ಇನ್ನೊಂದ್ ತಿಂಗ್ಳ್ ಕಾಯ್ತಿದ್ದೆ. ನಂಗೆಂತ ಅವಸ್ರ ಇದ್ದಿತ್?"

ಆಗಲೂ ನಾನು ಹೇಳಲಿಲ್ಲ. ಅಂದರೆ ಒಮ್ಮೆಯಲ್ಲ — ನಾಣ್ಯ ಬಿದ್ದಾಗ, ಕಾಫಿ ಕುಡಿದಾಗ, ಅವನು ತೋಳು ಹಿಡಿದಾಗ, ಹೋದ ವರ್ಷ ಮತ್ತೆ.

ಪತ್ರಿಕೆಯಲ್ಲಿ ತಪ್ಪು ಬಿದ್ದರೆ ತಿದ್ದುಪಡಿ ಹಾಕುತ್ತೇವೆ. ಈ ಬರಹ ಅದೇ. ಆದರೆ ಇದನ್ನು ಅಚ್ಚಿಗೆ ಕೊಟ್ಟು ನಾನು ಮನೆಯಲ್ಲಿ ಕೂತರೆ, ಅದೂ ಹಿಂದಿನಿಂದ ಕೂಗಿದ ಹಾಗೆಯೇ. ನಿನ್ನೆ ಬ್ರಹ್ಮಾವರಕ್ಕೆ ಹೋಗಿ ಹೆಗ್ಡೆಯವರಿಗೆ ಎಲ್ಲವನ್ನೂ ಹೇಳಿ ಬಂದೆ. ಅವರು ಈ ಸಲ ಕಾಫಿ ತರಿಸಲಿಲ್ಲ.

ಶೀನ ರಜೆಗೆ ಬಂದಿದ್ದಾನೆ. ನಾಳೆ ಬೆಳಿಗ್ಗೆ ಬೈಂದೂರಿನ ಬಸ್ಸಿಗೆ ನಾವುಂದಕ್ಕೆ ಹೋಗುತ್ತೇನೆ. ಬಸ್ಸಿಳಿದವರಿಗೆ ಅವನ ಮನೆಗೆ ಹಿತ್ತಿಲ ಕಡೆಯ ದಾರಿಯೇ ಹತ್ತಿರ. ನಾನು ಸುತ್ತು ಹಾಕಿ ಮುಂದಿನಿಂದ ಹೋಗುತ್ತೇನೆ. ಸಾಹೇಬನಿಗೆ ವಯಸ್ಸಾಗಿದೆ, ಅಂಗಳದಲ್ಲೇ ಮಲಗಿರುತ್ತಾನೆ. ನಾನು ಬರುವುದು ಅವನಿಗೂ ಕಾಣಬೇಕು.