ಸಮಾರೂ ಕೊಂಬೆ ಇಟ್ಟರೆ ಜೀಪು ನಿಲ್ಲುತ್ತದೆ

ಕಾನ್ಹಾ ಕಾಡಿನ ಗೇಟು ತೆರೆಯಲು ಇನ್ನೂ ಅರ್ಧ ಗಂಟೆಯಿದೆ. ಜನವರಿಯ ಚಳಿಗೆ ನನ್ನ ಹಲ್ಲು ಕಟಕಟ ಎನ್ನುತ್ತಿವೆ. ಕಾಡಿನ ಕಾಲ್ನಡಿಗೆ ಕಾವಲುಗಾರ ಸಮಾರೂ ಬೈಗಾ ಮಾತ್ರ ಬರಿಗಾಲಲ್ಲಿ, ಸಫಾರಿ ದಾರಿಯ ಧೂಳಿನ ಮೇಲೆ ಬಗ್ಗಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಗಾರ್ಡ್ ಟಾರ್ಚ್ ಹಿಡಿದಿದ್ದಾನೆ. ಹಳ್ಳದಿಂದ ಗುಡ್ಡದ ಕಡೆಗೆ ತಾಯಿಹುಲಿಯ ಹೆಜ್ಜೆ, ಪಕ್ಕದಲ್ಲಿ ಎರಡು ಮರಿಗಳದ್ದು. ಆಮೇಲೆ ತಾಯಿಯೊಂದೇ ಹಳ್ಳಕ್ಕೆ ವಾಪಸ್ ಹೋದ ಗುರುತು.

"ಅಕ್ಕ ಮನೆ ಬದಲಾಯಿಸ್ತಾ ಅವ್ಳೆ. ಮೂರನೇ ಮರಿ ಇನ್ನೂ ಹಳ್ಳದಲ್ಲೇ ಐತೆ," ಎನ್ನುತ್ತಾರೆ. ಕಾಡಿನೊಳಗೆ ಅವರು ಹುಲಿಯ ಹೆಸರೆತ್ತುವುದಿಲ್ಲ. ಎದ್ದು, ಸಾಲ್ ಮರದ ಹಸಿ ಕೊಂಬೆಯೊಂದನ್ನು ಮುರಿದು, ಗೇಟಿನ ಕಡೆಗೆ ನೂರು ಹೆಜ್ಜೆ ಹಿಂದಕ್ಕೆ ನಡೆದು ದಾರಿಗೆ ಅಡ್ಡ ಇಡುತ್ತಾರೆ.

ಮೂವತ್ತೊಂದು ವರ್ಷದಿಂದ ಹುಲಿಯ ಹೆಜ್ಜೆ ಹುಡುಕುವುದೇ ಅವರ ಕೆಲಸ. ದಿನಕ್ಕೆ ಹನ್ನೊಂದು ಕಿಲೋಮೀಟರ್ ನಡಿಗೆ, ಐದು ನೀರಿನ ಗುಂಡಿ, ಸೋರೆಬುರುಡೆಯಲ್ಲಿ ಹಾರಕದ ಗಂಜಿ. ಒಮ್ಮೆ ಕರಡಿ ಹರಿದ ಎಡ ಭುಜ ಚಳಿಗಾಲದಲ್ಲಿ ಮೇಲಕ್ಕೇಳುವುದಿಲ್ಲ. ಬೆಳಿಗ್ಗೆ ಇಪ್ಪತ್ತೆರಡು ಜೀಪು ಒಳಗೆ ಬರುತ್ತವೆ. ಹುಲಿ ಕಂಡರೆ ಡ್ರೈವರನ ಕೈಗುಣ, ಕಾಣದಿದ್ದರೆ ಡ್ರೈವರನಿಗೆ ಬೈಗುಳ. ಸಮಾರೂ ಎಂಬ ಮನುಷ್ಯ ಇದ್ದಾರೆಂದು ಯಾವ ಪ್ರವಾಸಿಗೂ ಗೊತ್ತಿಲ್ಲ. ಗೇಟಿನ ಪಕ್ಕದಲ್ಲೇ ಹದಿನಾರು ವರ್ಷ ಬಾಳಿದ ನಾನು ಕೂಡ ಈಗ ಬರೆಯುತ್ತಿದ್ದೇನೆ, ನಾಚಿಕೆಯಾಗಬೇಕು ನನಗೆ.

ಮೊದಲು ಅವರು ಕೊಂಬೆ ಇಡುತ್ತಿರಲಿಲ್ಲ. ಹೆಜ್ಜೆ ಅಳೆಯುವವರೆಗೆ ಯಾರೂ ತುಳಿಯದಿರಲೆಂದು ಅದರ ಸುತ್ತ ಕಡ್ಡಿಯಲ್ಲಿ ಗೆರೆ ಎಳೆಯುತ್ತಿದ್ದರು. ನಾಲ್ಕು ವರ್ಷದ ಹಿಂದೆ ಹೀಗೇ ಒಂದು ತಾಯಿ ಎರಡು ಮರಿಗಳನ್ನು ದಾಟಿಸಿ ಮೂರನೆಯದಕ್ಕೆ ವಾಪಸ್ ಹೋಗಿತ್ತು. ಸಮಾರೂ ಗೆರೆ ಎಳೆದು ಮುಂದೆ ನಡೆದರು. ಡ್ರೈವರುಗಳ ಕಣ್ಣಿಗೆ ಆ ಗೆರೆಯೇ ಇಲ್ಲಿ ಹುಲಿ ಇದೆ ಎಂಬ ಬೋರ್ಡು ಆಯಿತು. ಜೀಪುಗಳು ಬೆಳಗೆಲ್ಲ ಅಲ್ಲೇ ಮುತ್ತಿಕೊಂಡವು, ತಾಯಿಗೆ ದಾರಿ ಸಿಗಲಿಲ್ಲ. ಆ ಮರಿಯನ್ನು ಮತ್ತೆ ಯಾರೂ ನೋಡಲಿಲ್ಲ.

ಮರುದಿನ ಗೇಟಿನ ಚಹಾ ಅಂಗಡಿಗೆ ಹೋಗಿ, ಎಲ್ಲ ಡ್ರೈವರುಗಳೆದುರು ತಪ್ಪು ತನ್ನದೇ ಎಂದು ಒಪ್ಪಿಕೊಂಡರಂತೆ. ಹಿರಿಯ ಡ್ರೈವರ್ ನಸೀಮ್ ಚಹಾ ಕೊಟ್ಟು ಕೂರಿಸಿ, ಗಾಡಿ ನಿಲ್ಲಿಸಿದ್ದು ನಾವಲ್ಲವೇ ಕಾಕಾ ಎಂದನಂತೆ. ಕೊಂಬೆ ಕಂಡರೆ ದೂರದಲ್ಲೇ ನಿಲ್ಲುವ ಕಟ್ಟಳೆ ಹುಟ್ಟಿದ್ದು ಅಲ್ಲಿ. ಅದು ಯಾವ ಕಾನೂನೂ ಅಲ್ಲ, ಅವರವರ ನಡುವಿನ ಮಾತು.

ಗೇಟು ತೆರೆಯುತ್ತದೆ. ಮೊದಲ ಜೀಪು ನಸೀಮನದೇ. ಕೊಂಬೆ ಕಂಡದ್ದೇ ತಡ, ಎಂಜಿನ್ ಆರಿಸುತ್ತಾನೆ. ಹಿಂದೆ ಒಂದೊಂದಾಗಿ ಎಲ್ಲವೂ ನಿಲ್ಲುತ್ತವೆ. ಉದ್ದ ಕ್ಯಾಮೆರಾದ ಪ್ರವಾಸಿಯೊಬ್ಬರು, ಇಷ್ಟು ದೂರ ಬಂದದ್ದು ಎಲೆ ನೋಡಲಿಕ್ಕಾ ಎಂದು ಗೊಣಗುತ್ತಾರೆ.

"ಬಾಣಂತಿ ಮನೆ ಬದಲಾಯಿಸ್ತಾ ಅವ್ಳೆ ಸಾಹೇಬ್ರೇ. ಅವಳ ಸಾಮಾನು ದಾಟೋವರ್ಗೂ ಸುಮ್ನೆ ಕೂತ್ಕೊಳಿ," ಎನ್ನುತ್ತಾನೆ ನಸೀಮ್. ಆತನ ಬಕ್ಷೀಸು ಅಲ್ಲಿಗೆ ಖೋತಾ ಎಂದು ನನಗೂ ಗೊತ್ತು, ಆತನಿಗೂ ಗೊತ್ತು.

ಮಂಜು ದಟ್ಟವಾಗಿದೆ. ಜಿಂಕೆಯೊಂದು ಎರಡು ಸಲ ಕೂಗಿ ಸುಮ್ಮನಾಗುತ್ತದೆ. ಇಪ್ಪತ್ತೈದು ನಿಮಿಷ ಯಾರಿಗೂ ಏನೂ ಕಾಣಿಸುವುದಿಲ್ಲ. ಆಮೇಲೆ ಸಮಾರೂ ಗಾರ್ಡ್ ಜೊತೆ ಮುಂದೆ ಹೋಗಿ ಬಗ್ಗುತ್ತಾರೆ. ಬಹಳ ಹೊತ್ತು ಏಳುವುದೇ ಇಲ್ಲ. ಕೊನೆಗೆ ಕೈಸನ್ನೆ ಮಾಡಿ ಕರೆಯುತ್ತಾರೆ. ಗುಡ್ಡದ ಕಡೆಗೆ ಹೊಸ ಹೆಜ್ಜೆ ಮೂಡಿದೆ. ತಾಯಿಯ ಅಗಲ ಪಾದದೊಳಗೇ ಪುಟ್ಟದೊಂದು ಪಾದ ಬಿದ್ದಿದೆ.

ಕೊಂಬೆ ತೆಗೆದು ಪಕ್ಕಕ್ಕಿಟ್ಟು, ಹಾದುಹೋಗುವ ಒಂದೊಂದು ಜೀಪಿಗೂ ಸಮಾರೂ ಕೈಮುಗಿಯುತ್ತಾರೆ, ಇಪ್ಪತ್ತೆರಡು ಸಲ. ನಿಮ್ಮ ಬಗ್ಗೆ ಪೇಪರಿಗೆ ಬರೆಯುತ್ತೇನೆ ಎಂದಾಗ ಅವರಿಗೆ ಒಳ್ಳೇ ಫಜೀತಿ.

"ನನ್ನದೇನು ಬರೀತೀರಿ, ನಡೆಯೋದು ನನ್ನ ಕೆಲಸ. ಹೊಟ್ಟೆಪಾಡು ಬಿಟ್ಟು ನಿಂತ್ರಲ್ಲ, ಅವರ ಹೆಸರು ಬರೀರಿ. ಇಪ್ಪತ್ತೆರಡೂ ಬರೀರಿ, ಒಂದನ್ನೂ ಬಿಡಬ್ಯಾಡಿ."