ಹತ್ತು ಬೆರಳಿನ ಮಿಸ್ತ್ರಿ

ಐವತ್ತರ ದಶಕದಲ್ಲಿ ಯಮಕನಮರಡಿಯ ನಮ್ಮ ಓಣಿಯಲ್ಲಿ ಒಬ್ಬ ಇಂಜಿನ್ ಮಿಸ್ತ್ರಿ ಇದ್ದ. ಯಾವ ಇಂಜಿನ್ನಿಗೆ ಕೈಹಾಕುವ ಮೊದಲೂ, ಅದನ್ನು ತಿರುಗಿಸಿ ಚಾಲೂ ಮಾಡುವ ಕಬ್ಬಿಣದ ಹ್ಯಾಂಡಲ್ ಕಳಚಿ ಹೆಂಡತಿಯ ಕೈಗೆ ಕೊಡುತ್ತಿದ್ದ. ಕೆಲಸ ಮುಗಿಸಿ ಎರಡೂ ಕೈ ಚಾಚುತ್ತಿದ್ದ. ಆಕೆ ಹತ್ತು ಬೆರಳು ಎಣಿಸಿಯೇ ಹ್ಯಾಂಡಲ್ ಮರಳಿಸುತ್ತಿದ್ದಳು. ನಕ್ಕವರಿಗೆ ಅವನದು ಒಂದೇ ಮಾತು: "ಬೋಲ್ಟು ಬೆಳಗಾವ್ಯಾಗ ಸಿಗತಾವ್ರಿ, ಬೆರಳು ಸಿಗೂದಿಲ್ಲ."

ಒಂದು ಸಂಜೆ ಟೂರಿಂಗ್ ಟಾಕೀಸಿನ ಡೇರೆಯಲ್ಲಿ, ನಾಯಕಿ ವಿಷದ ಬಟ್ಟಲನ್ನು ತುಟಿಗೆ ತಂದ ಹೊತ್ತಿಗೆ ಸರಿಯಾಗಿ ಜನರೇಟರ್ ನಿಂತಿತು. ಸಿನಿಮಾ ನೋಡಲು ಬಂದಿದ್ದ ಮಿಸ್ತ್ರಿಯೇ ಎದ್ದು ಹೋದ. ಹ್ಯಾಂಡಲ್ ಹೆಂಗಸರ ಕಡೆ ಕೂತಿದ್ದ ಹೆಂಡತಿಯ ಮಡಿಲು ಸೇರಿತು.

ಜನ ಸೀಟಿ ಹೊಡೆದರು, ಕೂಗಾಡಿದರು. ಮಿಸ್ತ್ರಿಯ ಕೈ ಇನ್ನೂ ಯಂತ್ರದೊಳಗೇ ಇತ್ತು. ತಾಳ್ಮೆಗೆಟ್ಟ ಟಾಕೀಸಿನ ಮಾಲಕ ಆಕೆಯ ಮುಂದೆ ಬಂದು ಕೈ ಚಾಚಿದ. "ಹ್ಯಾಂಡಲ್ ತಾ ತಂಗಿ, ನಾ ಮಾಲಕ ಅದೇನಿ!"

ಆಕೆ ಅದನ್ನು ಸೆರಗಿನಲ್ಲಿ ಸುತ್ತಿಕೊಂಡಳು. "ನಿಮ್ಮ ಬೆರಳ ಎಣಿಸಿ ನಾ ಏನ್ ಮಾಡ್ಲಿರಿ ಅಣ್ಣಾ? ನಮ್ಮವ್ರ ಬೆರಳ ಬರ್ಲಿ."

ಕೊನೆಗೆ ಮಿಸ್ತ್ರಿ ಬಂದು ಕಂದೀಲಿನ ಬೆಳಕಿಗೆ ಮಸಿಗೈ ಹಿಡಿದ. ಡೇರೆಗೆ ಡೇರೆಯೇ ಆಕೆಯ ಜೊತೆ ಎಣಿಸಿತು.

ಹತ್ತು ತುಂಬಿದ ಮೇಲೆಯೇ ನಾಯಕಿ ವಿಷ ಕುಡಿದಳು.